ವಿ-ಝೀರೋ ಎಂದು ಬರೆಯುವ ಮೊದಲು ದಪ್ಪ ಎಷ್ಟು ಅಂತ ಹೇಳಿ

ಜ್ವಾಲೆ ತಡೆಯುವ ಪಾಲಿಮರ್‌ಗಳ ಮೇಲೆ ಸಂಶೋಧನೆ ಮಾಡುವ ಎಲ್ಲರಿಗೂ,
ಆ ಪ್ರಬಂಧಗಳನ್ನು ಪ್ರಕಟಿಸುವ ಜರ್ನಲ್‌ಗಳ ಸಂಪಾದಕರಿಗೂ,

ವಿಷಯ: ಪ್ಲಾಸ್ಟಿಕ್‌ಗೆ ವಿ-ಝೀರೋದಂಥ ದರ್ಜೆ ಕೊಡುವ ಸುಡುವ ಪರೀಕ್ಷೆಯ ಫಲಿತಾಂಶವನ್ನು ಅರ್ಧ ಮಾತ್ರ ಬರೆಯುವ ಅಭ್ಯಾಸದ ಕುರಿತು

ಮಾನ್ಯರೇ,

ನಮಸ್ಕಾರ. ನಾನು ನಿಮ್ಮ ಸ್ಯಾಂಪಲ್‌ಗಳನ್ನು ಸುಡುವವನು. ನೀವು ಹೊಸ ಮಿಶ್ರಣ ಕಂಡುಹಿಡಿಯುತ್ತೀರಿ, ಎಕ್ಸ್‌ಟ್ರೂಡರ್‌ನಲ್ಲಿ ಕಲಸುತ್ತೀರಿ, ಬಾರ್ ಅಚ್ಚು ಹಾಕಿಸಿ ಪ್ಲಾಸ್ಟಿಕ್ ಕವರಿಗೆ ತುಂಬಿ ಕಳಿಸುತ್ತೀರಿ. ಆ ಕವರ್ ಬಂದು ಬೀಳುವುದು ನನ್ನ ಮೇಜಿನ ಮೇಲೆ. ಅಲ್ಲಿಂದಾಚೆ ಬರ್ನರ್, ಸ್ಟಾಪ್‌ವಾಚ್ ಮತ್ತು ನಾನು. ಎಷ್ಟೋ ವರ್ಷಗಳಿಂದ ಇದೇ ಕೆಲಸ. ಕಣ್ಣು ಮುಚ್ಚಿಕೊಂಡು ವಾಸನೆಯಿಂದಲೇ ಯಾವ ಪ್ಲಾಸ್ಟಿಕ್ ಅಂತ ಹೇಳಬಲ್ಲೆ. ಪಾಲಿಥೀನ್ ಆದರೆ ಆಗಷ್ಟೇ ಆರಿಸಿದ ಮೇಣದಬತ್ತಿಯ ವಾಸನೆ. ನೈಲಾನ್ ಆದರೆ ಕೂದಲು ಸುಟ್ಟ ಹಾಗೆ. ಪಾಲಿಸ್ಟೈರೀನ್‌ಗೆ ಮೂಗೇ ಬೇಡ, ಜೇಡರ ಬಲೆಯಂಥ ಕಪ್ಪು ಮಸಿ ತೇಲಿಕೊಂಡು ಬಂದು ಅಂಗಿ ಮೇಲೆ ಕೂರುತ್ತದೆ.

ಇದನ್ನೆಲ್ಲ ಹೇಳಿದ್ದು ಜಂಬಕ್ಕಲ್ಲ. ಈ ಪತ್ರದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳಲಿದ್ದೇನೆ, ಸುಮ್ನೆ ಕೇಳಿದ್ದನ್ನಲ್ಲ ಎಂದು ತಿಳಿಯಲಿ ಅಂತ.

ಮೊದಲು ಈ ಪತ್ರ ಬರೆಯಲು ಕಾರಣವಾದ ಘಟನೆ. ಒಂದು ಸಂಶೋಧನಾ ಗುಂಪು ಪಾಲಿಪ್ರೊಪಿಲೀನ್ ಬಾರ್‌ಗಳನ್ನು ಕಳಿಸಿತ್ತು. ಒಳಗಿದ್ದದ್ದು ಅಮೋನಿಯಂ ಪಾಲಿಫಾಸ್ಫೇಟ್ ಇರುವ, ಕಾದಾಗ ಉಬ್ಬುವ ಜಾತಿಯ ಮಿಶ್ರಣ. ಬೆಂಕಿ ತಗುಲಿದರೆ ಮೇಲ್ಮೈ ಹಪ್ಪಳದಂತೆ ಉಬ್ಬಿ ಇದ್ದಿಲಿನ ಹೊದಿಕೆ ಆಗುತ್ತದಲ್ಲ, ಅದು. ಎರಡು ದಪ್ಪದ ಬಾರ್‌ಗಳಿದ್ದವು, 3.2 ಮಿ.ಮೀ. ಮತ್ತು 1.6 ಮಿ.ಮೀ. ಪರೀಕ್ಷೆ ಯುಎಲ್ 94, ಅಂದರೆ ಪ್ಲಾಸ್ಟಿಕ್ ಸುಟ್ಟು ದರ್ಜೆ ಕೊಡುವ ಮಾನದಂಡ, ಅದರಲ್ಲಿ ನೆಟ್ಟಗೆ ನಿಲ್ಲಿಸಿ ಸುಡುವುದು.

ಗೊತ್ತಿಲ್ಲದ ಓದುಗರೂ ಈ ಪತ್ರ ನೋಡಬಹುದು, ಹಾಗಾಗಿ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. 125 ಮಿ.ಮೀ. ಉದ್ದ, 13 ಮಿ.ಮೀ. ಅಗಲದ ಬಾರ್ ಅನ್ನು ಮೇಲ್ತುದಿಯಲ್ಲಿ ಕ್ಲಾಂಪಿಗೆ ಸಿಕ್ಕಿಸಿ ನೇತುಹಾಕುತ್ತೇವೆ. 300 ಮಿ.ಮೀ. ಕೆಳಗೆ ತೆಳ್ಳಗೆ ಬಿಡಿಸಿದ ಹತ್ತಿ. ಬರ್ನರ್‌ನ ನೀಲಿ ಜ್ವಾಲೆ 20 ಮಿ.ಮೀ. ಎತ್ತರ, ತುದಿಯಲ್ಲಿ ಹಳದಿ ಇರಬಾರದು. ಹತ್ತು ಸೆಕೆಂಡ್ ಹಿಡಿದು ತೆಗೆಯುತ್ತೇವೆ, ಎಷ್ಟು ಹೊತ್ತಿಗೆ ಆರಿತು ಎಂದು ಎಣಿಸುತ್ತೇವೆ. ಆರಿದ ತಕ್ಷಣ ಇನ್ನೊಮ್ಮೆ ಹತ್ತು ಸೆಕೆಂಡ್. ಹೀಗೆ ಐದು ಬಾರ್, ಒಟ್ಟು ಹತ್ತು ಸಲ. ಯಾವುದೂ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಉರಿಯಬಾರದು, ಹತ್ತೂ ಸೇರಿ ಐವತ್ತು ಸೆಕೆಂಡ್ ದಾಟಬಾರದು, ಎರಡನೇ ಸಲದ ಉರಿ ಮತ್ತು ಕೆಂಡದ ಹೊಳಪು ಸೇರಿ ಮೂವತ್ತು ಸೆಕೆಂಡಿನೊಳಗೆ ಮುಗಿಯಬೇಕು, ಉರಿಯುವ ಹನಿ ಬಿದ್ದು ಹತ್ತಿ ಹೊತ್ತಿಕೊಳ್ಳಬಾರದು. ಇಷ್ಟಾದರೆ ವಿ-ಝೀರೋ, ವಿ ದರ್ಜೆಗಳಲ್ಲಿ ಎಲ್ಲಕ್ಕಿಂತ ಮೇಲಿನದು. ಹತ್ತಿ ಹೊತ್ತಿದರೆ, ಉರಿದ ಹೊತ್ತು ಮಿತಿಯೊಳಗೇ ಇದ್ದರೂ, ವಿ-ಟೂ ಎಂಬ ಕೆಳಗಿನ ದರ್ಜೆಗಿಂತ ಮೇಲೆ ಹೋಗುವ ಹಾಗಿಲ್ಲ.

3.2 ಮಿ.ಮೀ. ಬಾರ್‌ಗಳು ಚೆನ್ನಾಗಿ ಪಾಸಾದವು. ಜ್ವಾಲೆ ತೆಗೆದ ಒಂದೆರಡು ಸೆಕೆಂಡಿಗೇ ಆರಿದವು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ತೆಳು ಬಾರ್‌ಗಳ ಸರದಿ. ಮೊದಲ ಮೂರು ಹೇಗೋ ದಾಟಿದವು. ನಾಲ್ಕನೆಯದಕ್ಕೆ ಎರಡನೇ ಸಲ ಜ್ವಾಲೆ ಹಿಡಿದಾಗ ಕೆಳಮೂಲೆಯಲ್ಲಿ ಒಂದು ಹನಿ ಕಟ್ಟಿತು. ಜ್ವಾಲೆ ತೆಗೆದೆ. ಹನಿ ಇಳಿಯಿತು, ಹಿಂದೆಯೇ ಸಣ್ಣ ದಾರ ಎಳೆಯಿತು, ದಾರ ಕಡಿಯಿತು. ಹತ್ತಿಯ ಮೇಲೆ ಬಿದ್ದಾಗ ಮೊದಲು ಕಂದು ಚುಕ್ಕೆ, ಆಮೇಲೆ ಒಮ್ಮೆಗೇ ಬೆಂಕಿ. ಮುಗಿಯಿತು.

ಐದರಲ್ಲಿ ಒಂದೇ ಬಾರ್ ಸೋತರೆ ಇನ್ನೊಂದು ಐದರ ಸೆಟ್ ಸುಡಲು ನಿಯಮದಲ್ಲಿ ಅವಕಾಶ ಇದೆ. ಆದರೆ ಆ ಎರಡನೇ ಸೆಟ್‌ನಲ್ಲಿ ಐದಕ್ಕೆ ಐದೂ ಗೆಲ್ಲಬೇಕು. ಸುಟ್ಟೆ. ಈ ಸಲ ಎರಡು ಬಾರ್‌ಗಳು ಹತ್ತಿ ಹೊತ್ತಿಸಿದವು. ವರದಿಯಲ್ಲಿ ಸ್ಪಷ್ಟವಾಗಿ ಬರೆದೆ: 3.2 ಮಿ.ಮೀ.ನಲ್ಲಿ ವಿ-ಝೀರೋ, 1.6 ಮಿ.ಮೀ.ನಲ್ಲಿ ವಿ-ಟೂ.

ಕೆಲವು ತಿಂಗಳ ನಂತರ ಪ್ರಬಂಧ ಅಚ್ಚಾಗಿ ಬಂತು. ಸಾರಾಂಶದಲ್ಲಿ ಒಂದೇ ಮಾತು: ಈ ಮಿಶ್ರಣ ವಿ-ಝೀರೋ ದರ್ಜೆ ಪಡೆದಿದೆ. ದಪ್ಪ ಎಷ್ಟು? ಸಾರಾಂಶದಲ್ಲಿ ಇಲ್ಲ. ಕೋಷ್ಟಕದಲ್ಲಿ ಇಲ್ಲ. ತೆಳು ಬಾರ್‌ನ ಸುದ್ದಿ ಎಲ್ಲೂ ಇಲ್ಲ. ಮುನ್ನುಡಿಯಲ್ಲಿ ಮಾತ್ರ ಈ ವಸ್ತು ಎಲೆಕ್ಟ್ರಾನಿಕ್ ಉಪಕರಣಗಳ ತೆಳು ಹೊರಕವಚಕ್ಕೆ ಬಹಳ ಸೂಕ್ತ ಅಂತ ಇತ್ತು. ಸೋತದ್ದು ಯಾವ ದಪ್ಪದಲ್ಲೋ, ಸೂಕ್ತ ಅಂದದ್ದೂ ಅದೇ ದಪ್ಪಕ್ಕೆ!

ಫೋನ್ ಮಾಡಿ ಕೇಳಿದೆ. ಬಹಳ ವಿನಯದಿಂದಲೇ ಉತ್ತರ ಬಂತು. "ಸರ್, ಎಲ್ಲರೂ ಹೀಗೇ ಬರೀತಾರೆ. ರಿವ್ಯೂ ಮಾಡಿದವರೂ ಏನೂ ಕೇಳಲಿಲ್ಲ." ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ಹೇಳಿದ್ದು ನಿಜ. ಎಲ್ಲರೂ ಹಾಗೇ ಬರೆಯುತ್ತಾರೆ. ನನ್ನ ದೂರು ಇರುವುದೇ ಆ "ಎಲ್ಲರೂ" ಎಂಬುದರ ಮೇಲೆ. ಅದಕ್ಕೇ ಯಾರೊಬ್ಬರಿಗೋ ಖಾಸಗಿಯಾಗಿ ಬರೆಯದೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ದಪ್ಪಕ್ಕೆ ಇಷ್ಟೊಂದು ಯಾಕೆ ಗಲಾಟೆ ಅಂತ ಕೇಳಬಹುದು. ತೆಳು ಬಾರ್ ಎರಡೂ ಬದಿಯಿಂದ ಬೇಗ ಕಾಯುತ್ತದೆ. ಉಬ್ಬುವ ಹೊದಿಕೆ ಕಟ್ಟಿಕೊಳ್ಳಲು ಸಮಯವೂ ಇಲ್ಲ, ಸರಕೂ ಇಲ್ಲ. ಅಷ್ಟರಲ್ಲಿ ಪ್ಲಾಸ್ಟಿಕ್ ಕರಗಿ ಹನಿಯಾಗಿರುತ್ತದೆ. ಅದಕ್ಕೇ ಪ್ರಮಾಣಪತ್ರ ಕೊಡುವವರು ದರ್ಜೆಯ ಪಕ್ಕದಲ್ಲೇ ದಪ್ಪವನ್ನೂ ನಮೂದಿಸುತ್ತಾರೆ. ದಪ್ಪವಿಲ್ಲದ ವಿ-ಝೀರೋ ಅಂದರೆ ಊರಿನ ಹೆಸರಿಲ್ಲದ ವಿಳಾಸ. ಮಾರಾಟಗಾರರ ಪಟ್ಟಿಯಲ್ಲಿ ಇರುವ ಈ ಒಂದು ಸಂಖ್ಯೆ ಸಂಶೋಧನಾ ಪ್ರಬಂಧದಲ್ಲಿ ಇಲ್ಲ ಅಂದರೆ ನಾಚಿಕೆ ಆಗಬೇಕಲ್ವಾ?

ಇನ್ನು ಬಾರ್‌ಗಳನ್ನು ಹದ ಮಾಡುವ ವಿಚಾರ. ಒಂದು ಸೆಟ್ 23 ಡಿಗ್ರಿ, ಶೇ. 50 ತೇವಾಂಶದಲ್ಲಿ ಎರಡು ದಿನ ಇರಬೇಕು. ಇನ್ನೊಂದು ಸೆಟ್ 70 ಡಿಗ್ರಿಯ ಓವನ್ನಿನಲ್ಲಿ ಏಳು ದಿನ ಇದ್ದು, ಆಮೇಲೆ ಒಣ ಡಬ್ಬಿಯಲ್ಲಿ ತಣ್ಣಗಾಗಬೇಕು. ಎರಡನ್ನೂ ಸುಡಬೇಕು. ನನ್ನ ಬಳಿ ಬರುವ ಸಂಶೋಧನೆಯ ಸ್ಯಾಂಪಲ್‌ಗಳಲ್ಲಿ ಓವನ್ನಿನ ಸೆಟ್ ಇರುವುದೇ ಅಪರೂಪ. "ಏಳು ದಿನ ಕಾಯಕ್ಕಾಗಲ್ಲ, ನಾಡಿದ್ದು ಸಮ್ಮೇಳನಕ್ಕೆ ಕಳಿಸಬೇಕು" ಅನ್ನುತ್ತಾರೆ. ಒಮ್ಮೆ ಅಚ್ಚಿನಿಂದ ತೆಗೆದ ಬಾರ್ ಇನ್ನೂ ಬೆಚ್ಚಗಿರುವಾಗಲೇ ತಂದುಕೊಟ್ಟಿದ್ದರು. ಸುಟ್ಟು ಕೊಟ್ಟೆ, ವರದಿಯಲ್ಲಿ "ಹದ ಮಾಡಿಲ್ಲ" ಎಂದೂ ಬರೆದೆ. ಪ್ರಬಂಧದಲ್ಲಿ ಆ ಎರಡು ಪದ ಉಳಿಯಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಈಗ ಎಲ್‌ಓಐ ಕಡೆಗೆ ಬರೋಣ, ಅಂದರೆ ಆಮ್ಲಜನಕ ಸೂಚ್ಯಂಕ. 1966ರಲ್ಲಿ ಫೆನಿಮೋರ್ ಮತ್ತು ಮಾರ್ಟಿನ್ ಕೊಟ್ಟ ವಿಧಾನ ಇದು. ಗಾಜಿನ ಕೊಳವೆಯೊಳಗೆ ಬಾರ್ ನಿಲ್ಲಿಸಿ, ಆಮ್ಲಜನಕ ಮತ್ತು ಸಾರಜನಕದ ಮಿಶ್ರಣ ಹಾಯಿಸಿ, ಮೇಲ್ತುದಿಗೆ ಬೆಂಕಿ ಹಚ್ಚುತ್ತೇವೆ. ಉರಿಯುತ್ತಾ ಉಳಿಯಲು ಕನಿಷ್ಠ ಎಷ್ಟು ಶೇಕಡಾ ಆಮ್ಲಜನಕ ಬೇಕು ಎಂಬುದೇ ಸೂಚ್ಯಂಕ. ಪಾಲಿಥೀನ್, ಪಾಲಿಪ್ರೊಪಿಲೀನ್‌ಗೆ 17-18. ಗಟ್ಟಿ ಪಿವಿಸಿಗೆ 45ರ ಆಸುಪಾಸು. ಟೆಫ್ಲಾನ್‌ಗೆ 95. ಸೊಗಸಾದ ಪರೀಕ್ಷೆ. ಒಂದೇ ಸಂಖ್ಯೆ ಸಿಗುತ್ತದೆ, ಮಾಡಿದ್ದನ್ನೇ ಮತ್ತೆ ಮಾಡಿದರೂ ಹೆಚ್ಚು ಕಡಿಮೆ ಅದೇ ಬರುತ್ತದೆ. ಎರಡು ಮಿಶ್ರಣಗಳನ್ನು ಹೋಲಿಸಲು ನನಗೂ ಇದು ಇಷ್ಟ.

ಆದರೆ ಗಾಳಿಯಲ್ಲಿ ಇರುವುದು ಶೇ. 21 ಆಮ್ಲಜನಕ, ನಮ್ಮ ವಸ್ತುವಿನ ಎಲ್‌ಓಐ 28, ಆದ್ದರಿಂದ ಇದು ಗಾಳಿಯಲ್ಲಿ ಉರಿಯುವುದಿಲ್ಲ ಎಂದು ಬರೆಯುತ್ತೀರಲ್ಲ, ಅಲ್ಲಿ ನನ್ನ ತಕರಾರು. ಕೊಳವೆಯಲ್ಲಿ ಬಾರ್ ಮೇಲಿಂದ ಕೆಳಕ್ಕೆ, ಮೇಣದಬತ್ತಿಯಂತೆ ಉರಿಯುತ್ತದೆ. ನಿಜವಾದ ಬೆಂಕಿ ಕೆಳಗಿಂದ ಮೇಲಕ್ಕೆ ಹತ್ತುತ್ತದೆ, ಹತ್ತುವಾಗ ಮೇಲಿನದ್ದನ್ನು ಮೊದಲೇ ಕಾಯಿಸಿಕೊಂಡು ಹತ್ತುತ್ತದೆ. ವಸ್ತು ಬಿಸಿಯಾದಷ್ಟೂ ಎಲ್‌ಓಐ ಇಳಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ 28 ಬಂದದ್ದು ಪಕ್ಕದಲ್ಲೇ ಇನ್ನೊಂದು ವಸ್ತು ಉರಿಯುತ್ತಿರುವಾಗ 28 ಆಗಿ ಉಳಿಯುವುದಿಲ್ಲ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಬರೆಯುತ್ತೀರಿ, ಅದೇ ಬೇಜಾರು.

ಕೋನ್ ಕ್ಯಾಲೊರಿಮೀಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕಂದರೆ ಅದು ನಿಜಕ್ಕೂ ಒಳ್ಳೆಯ ಯಂತ್ರ. 1980ರ ದಶಕದ ಆರಂಭದಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ವೈಟೆನಿಸ್ ಬಬ್ರೌಸ್ಕಾಸ್ ಅದನ್ನು ರೂಪಿಸಿದರು. ಅದರ ಹಿಂದಿನ ಯುಕ್ತಿ ನನಗೆ ಇಂದಿಗೂ ಬೆರಗು. ಶಾಖವನ್ನು ನೇರವಾಗಿ ಅಳೆಯುವುದಿಲ್ಲ. ಬೆಂಕಿ ಎಷ್ಟು ಆಮ್ಲಜನಕ ತಿಂದಿತು ಎಂದು ಅಳೆಯುತ್ತದೆ. ಸಾವಯವ ವಸ್ತು ಯಾವುದೇ ಇರಲಿ, ಒಂದು ಕಿಲೋ ಆಮ್ಲಜನಕ ಖರ್ಚಾದರೆ ಹೆಚ್ಚು ಕಡಿಮೆ 13.1 ಮೆಗಾಜೂಲ್ ಶಾಖ ಹೊರಬರುತ್ತದೆ. ಥಾರ್ನ್‌ಟನ್ 1917ರಲ್ಲೇ ಇದರ ಎಳೆ ಹಿಡಿದಿದ್ದರು. 1980ರಲ್ಲಿ ಹಗೆಟ್ ಅದನ್ನು ಬೆಂಕಿಯ ಅಳತೆಗೆ ಗಟ್ಟಿ ಮಾಡಿಕೊಟ್ಟರು. ಹೊಗೆ ಹೋಗುವ ಕೊಳವೆಯಲ್ಲಿ ಆಮ್ಲಜನಕ ನೋಡಿಕೊಂಡರೆ ಸಾಕು, ಪ್ರತಿ ಕ್ಷಣ ಎಷ್ಟು ಶಾಖ ಹೊರಬಿತ್ತೆಂದು ತಿಳಿಯುತ್ತದೆ.

100 ಮಿ.ಮೀ. ಚೌಕದ ತಟ್ಟೆಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಶಂಕುವಿನ ಆಕಾರದ ಹೀಟರ್ ಕೆಳಗೆ ಇಡುತ್ತೇವೆ. ಚದರ ಮೀಟರಿಗೆ 35 ಇಲ್ಲವೇ 50 ಕಿಲೋವ್ಯಾಟ್ ಶಾಖ. ಸ್ಪಾರ್ಕ್ ಚಟಚಟ ಅನ್ನುತ್ತಿರುತ್ತದೆ. ಮೇಲ್ಮೈ ಹೊಳೆಯುತ್ತದೆ, ಗುಳ್ಳೆ ಏಳುತ್ತದೆ, ಬಿಳಿ ಹೊಗೆ ಎದ್ದು, ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಮುಂದಿನದು ವಕ್ರರೇಖೆ: ಶಾಖ ಏರಿ, ತುದಿ ಮುಟ್ಟಿ, ಇಳಿಯುತ್ತದೆ.

ನಿಮ್ಮ ಪ್ರಬಂಧಗಳು ಆ ರೇಖೆಯಿಂದ ತೆಗೆದುಕೊಳ್ಳುವುದು ಒಂದೇ ಬಿಂದು, ತುದಿ. "ಗರಿಷ್ಠ ಶಾಖ ಬಿಡುಗಡೆ ಇಷ್ಟು ಶೇಕಡಾ ಕಡಿಮೆಯಾಯಿತು." ಮಣ್ಣಿನ ನ್ಯಾನೊ ಪದರಗಳನ್ನು, ಅಂದರೆ ನ್ಯಾನೊಕ್ಲೇ ಸೇರಿಸಿದ ಪಾಲಿಮರ್‌ಗಳನ್ನು ನಾನು ಸಾಕಷ್ಟು ಸುಟ್ಟಿದ್ದೇನೆ. ಕೋನ್‌ನಲ್ಲಿ ಅವುಗಳ ತುದಿ ಅರ್ಧಕ್ಕೆ ಇಳಿಯುವುದು ಉಂಟು. ಮೇಲೆ ಮಣ್ಣಿನ ಪದರ ಕಟ್ಟಿಕೊಂಡು ಒಳಗಿನ ಅನಿಲಕ್ಕೆ ಅಡ್ಡ ನಿಲ್ಲುತ್ತದೆ. ನಿಜ. ಆದರೆ ಒಟ್ಟು ಶಾಖ ನೋಡಿ, ಹೆಚ್ಚು ಕಡಿಮೆ ಮೊದಲಿನಷ್ಟೇ. ಜೋರಾಗಿ ಉರಿದು ಮುಗಿಯುವ ಬದಲು ನಿಧಾನಕ್ಕೆ, ಬಹಳ ಹೊತ್ತು ಉರಿಯುತ್ತದೆ. ಎಷ್ಟೋ ಸಲ ಸಾದಾ ಪಾಲಿಮರ್‌ಗಿಂತ ಬೇಗ ಹೊತ್ತಿಕೊಳ್ಳುತ್ತದೆ ಬೇರೆ. ಅದೇ ವಸ್ತುವಿನ ಬಾರ್ ನೇತುಹಾಕಿ ಸುಟ್ಟರೆ ಹನಿ ಬೀಳುವುದಿಲ್ಲ, ಆದರೆ ಆರುವುದೂ ಇಲ್ಲ. ನಿಧಾನವಾಗಿ, ನೇರವಾಗಿ, ಕ್ಲಾಂಪಿನವರೆಗೂ ಉರಿಯುತ್ತಾ ಹೋಗುತ್ತದೆ. ಯಾವ ವಿ ದರ್ಜೆಯೂ ಸಿಗುವುದಿಲ್ಲ.

ಕೋನ್ ಸುಳ್ಳು ಹೇಳಿತಾ? ಇಲ್ಲ. ಬರ್ನರ್ ಸುಳ್ಳು ಹೇಳಿತಾ? ಅದೂ ಇಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟವು. ಸಣ್ಣ ಕಿಡಿಗೆ ಹೊತ್ತಿ ತಾನೇ ಆರುತ್ತದಾ ಅಂತ ಒಂದು ಕೇಳುತ್ತದೆ. ಈಗಾಗಲೇ ಬೆಂಕಿ ಬಿದ್ದ ಕೋಣೆಯಲ್ಲಿ ಈ ವಸ್ತು ಆ ಬೆಂಕಿಗೆ ಎಷ್ಟು ಸೌದೆ ಹಾಕುತ್ತದೆ ಅಂತ ಇನ್ನೊಂದು ಕೇಳುತ್ತದೆ. ಒಂದರ ಉತ್ತರ ಮುಂದಿಟ್ಟು ಇನ್ನೊಂದನ್ನು ಡ್ರಾಯರ್‌ನಲ್ಲಿ ಇಟ್ಟುಬಿಟ್ಟರೆ ತಪ್ಪು ಯಂತ್ರದ್ದಲ್ಲ.

ಉಬ್ಬುವ ವಸ್ತುಗಳದ್ದು ಇನ್ನೊಂದು ಪಜೀತಿ. ಹೀಟರ್ ಕೆಳಗೆ ಮೇಲ್ಮೈಗೆ ಇರುವ ಜಾಗ 25 ಮಿ.ಮೀ. ಮಾತ್ರ. ಒಂದು ಸ್ಯಾಂಪಲ್ ಬ್ರೆಡ್ಡಿನಂತೆ ಉಬ್ಬಿ ಸ್ಪಾರ್ಕ್ ಕಡ್ಡಿಯನ್ನೇ ತಳ್ಳಿಬಿಟ್ಟಿತು. ಇನ್ನೊಂದು ಬಾಲ್ಯದಲ್ಲಿ ನೋಡಿದ ಹಾವಿನ ಪಟಾಕಿಯಂತೆ ಒಂದೇ ಮೂಲೆಯಿಂದ ಎದ್ದು ಹೀಟರ್ ಒಳಗೇ ತಲೆ ಹಾಕಿತು. ಹೀಗಾದಾಗ ಮೇಲ್ಮೈಗೆ ಬೀಳುವ ಶಾಖ 50 ಅಲ್ಲ, ಬೇರೇನೋ. ಕೆಲವರು ಮೇಲೆ ತಂತಿ ಜಾಲರಿ ಹಾಕಿ ಎಂದು ಕೇಳುತ್ತಾರೆ. ಹಾಕಬಹುದು, ತಪ್ಪಲ್ಲ. ಆದರೆ ಜಾಲರಿ ಹಾಕಿದರೆ ರೇಖೆ ಬದಲಾಗುತ್ತದೆ. ಜಾಲರಿ ಹಾಕಿದ್ದು, ಅಂಚಿಗೆ ಚೌಕಟ್ಟು ಇಟ್ಟಿದ್ದು, ತಟ್ಟೆಯ ದಪ್ಪ, ಎಷ್ಟು ಸ್ಯಾಂಪಲ್ ಸುಟ್ಟದ್ದು, ಇವನ್ನೆಲ್ಲ ಬರೆಯಬೇಕು. ಒಬ್ಬರು ಮೂರರಲ್ಲಿ ಹೀಟರ್ ಮುಟ್ಟಿದ ಒಂದನ್ನು ಬಿಟ್ಟು ಎರಡರ ಸರಾಸರಿ ಕೊಡಿ ಎಂದರು. ನಾನು ಮೂರನ್ನೂ ಕೊಟ್ಟೆ. ಪ್ರಬಂಧದಲ್ಲಿ ಎರಡೇ ಬಂದವು.

ನಿಮ್ಮ ಕೆಲಸದ ಕಷ್ಟ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ತೂಕದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ನೀರು ಬಿಟ್ಟು ಬೆಂಕಿಯನ್ನು ತಣಿಸುತ್ತದೆ, ಒಳ್ಳೆಯದೇ. ಆದರೆ ನೂರಕ್ಕೆ ಅರವತ್ತರಷ್ಟು ತುಂಬಿದರೆ ಅದು ಪ್ಲಾಸ್ಟಿಕ್ಕೋ ಪುಡಿಯ ಇಟ್ಟಿಗೆಯೋ ಅಂತ ಆಗುತ್ತದೆ. ಸುಮಾರು 200 ಡಿಗ್ರಿಗೇ ನೀರು ಬಿಡುವುದರಿಂದ ನೈಲಾನ್ ಜೊತೆ ಕಲಸಲೂ ಆಗದು, ಅಲ್ಲಿ 300 ಡಿಗ್ರಿ ದಾಟುವವರೆಗೆ ತಡೆಯುವ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಬೇಕು. ಬ್ರೋಮಿನ್ ಸ್ವಲ್ಪ ಹಾಕಿದರೂ ಸಾಕು, ಜ್ವಾಲೆಯೊಳಗೇ ಹೋಗಿ ಉರಿಯುವ ಕ್ರಿಯೆಯ ಸರಪಳಿ ಕಡಿಯುತ್ತದೆ, ಆದರೆ ಅದರ ಹಿಂದಿನ ಇತಿಹಾಸ ನಮಗೆಲ್ಲ ಗೊತ್ತು. ರಂಜಕ ಹಾಕಿದರೆ ನೀರು ತಗುಲಿದಾಗ ತೊಂದರೆ. ಇಷ್ಟೆಲ್ಲ ಹಗ್ಗದ ಮೇಲೆ ನಡೆದು ಒಂದು ಮಿಶ್ರಣ ಮಾಡಿದವರಿಗೆ ನಾಲ್ಕನೇ ಬಾರ್‌ನ ಒಂದು ಹನಿ ಎಲ್ಲವನ್ನೂ ಕೆಡಿಸಿದರೆ ಹೊಟ್ಟೆ ಉರಿಯುತ್ತದೆ. ಆ ಸಂಕಟ ನನ್ನ ಮೇಜಿನ ಎದುರಿಗೇ ನಿಂತದ್ದನ್ನು ಎಷ್ಟು ಸಲ ನೋಡಿದ್ದೇನೆ.

ಆದರೂ ಯಾಕೆ ಹಟ ಹಿಡಿದು ಬರೆಯುತ್ತಿದ್ದೇನೆ ಅಂದರೆ, ಇದು ಪ್ರಬಂಧದ ಹಾಳೆಯಲ್ಲೇ ಉಳಿಯುವ ವಿಚಾರ ಅಲ್ಲ. ಹಿಂದೆ ಆಗಿದೆ.

1973ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಫೋಮ್ ಪ್ಲಾಸ್ಟಿಕ್ ಉದ್ಯಮದ ವಿರುದ್ಧ ದೂರು ಹೂಡಿತು. ಸಣ್ಣ ಜ್ವಾಲೆಯ ಪರೀಕ್ಷೆ ಪಾಸಾಗಿದ್ದನ್ನೇ ಹಿಡಿದುಕೊಂಡು "ತಾನೇ ಆರುವ", "ಉರಿಯದ" ಎಂಬ ಪದಗಳನ್ನು ಬಳಸಿ ಮಾರುತ್ತಿದ್ದರು ಎಂಬುದು ಆರೋಪ. ನಿಜವಾದ ಬೆಂಕಿಯಲ್ಲಿ ಅವೇ ವಸ್ತುಗಳು ಧಗಧಗ ಉರಿಯುತ್ತಿದ್ದವು. ಗಮನಿಸಿ, ಆ ದೂರಿನಲ್ಲಿ ತಯಾರಕರ ಜೊತೆಗೆ ಪರೀಕ್ಷಾ ಮಾನದಂಡ ಬರೆಯುವ ಎಎಸ್‌ಟಿಎಂ ಸಂಸ್ಥೆಯ ಹೆಸರೂ ಇತ್ತು. ಪದ ಬಳಸಿದವರಷ್ಟೇ ಅಲ್ಲ, ಪದಕ್ಕೆ ಜಾಗ ಕೊಟ್ಟವರೂ ಉತ್ತರ ಹೇಳಬೇಕಾಯಿತು. ಸಂಪಾದಕರೇ, ಇದು ನಿಮ್ಮ ಗಮನಕ್ಕೆ.

ಕ್ಯಾಲಿಫೋರ್ನಿಯಾದ 1975ರ ಟಿಬಿ 117 ನಿಯಮ ಇನ್ನೊಂದು. ಸೋಫಾದೊಳಗಿನ ಬರೀ ಫೋಮ್ ತುಂಡಿಗೆ ಹನ್ನೆರಡು ಸೆಕೆಂಡ್ ಸಣ್ಣ ಜ್ವಾಲೆ ಹಿಡಿಯುವ ಪರೀಕ್ಷೆ. ಅದನ್ನು ಪಾಸು ಮಾಡಲು ಫೋಮಿಗೆ ಬ್ರೋಮಿನ್, ಕ್ಲೋರಿನ್ ಇರುವ ರಾಸಾಯನಿಕ ಸುರಿದರು. ಮನೆಯಲ್ಲಿ ಬರೀ ಫೋಮ್ ಮೇಲೆ ಯಾರೂ ಕೂರುವುದಿಲ್ಲ, ಮೇಲೆ ಬಟ್ಟೆ ಇರುತ್ತದೆ. ಮೊದಲು ಹೊತ್ತುವುದು ಬಟ್ಟೆ. ಅಷ್ಟು ಹೊತ್ತಿಗೆ ಫೋಮಿಗೆ ಎದುರಾಗುವ ಜ್ವಾಲೆ ಪರೀಕ್ಷೆಯ ಜ್ವಾಲೆಯಲ್ಲ, ಅದಕ್ಕಿಂತ ಎಷ್ಟೋ ದೊಡ್ಡದು. ಬೆಂಕಿಯಿಂದ ಸಿಕ್ಕ ರಕ್ಷಣೆ ಅಷ್ಟಕ್ಕಷ್ಟೇ. ರಾಸಾಯನಿಕ ಮಾತ್ರ ಮನೆಯ ದೂಳಿಗೆ, ಅಲ್ಲಿಂದ ಮನುಷ್ಯರ ಮೈಗೆ ಸೇರಿತು. ಅಂಥ ಬ್ರೋಮಿನ್ ರಾಸಾಯನಿಕಗಳಲ್ಲಿ ಒಂದಾದ ಪೆಂಟಾಬಿಡಿಇ 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಬಂತು. ನಿಯಮ ಬದಲಾದದ್ದು 2013ರಲ್ಲಿ. ಬರೀ ಫೋಮಿಗೆ ಜ್ವಾಲೆ ಹಿಡಿಯುವುದನ್ನು ಬಿಟ್ಟು, ಬಟ್ಟೆ ಮತ್ತು ಫೋಮ್ ಹೊಗೆಯಾಡುವುದನ್ನು ನೋಡುವ ಪರೀಕ್ಷೆಗೆ ಬಂದರು. ಪರೀಕ್ಷೆ ಹೇಗಿರುತ್ತದೋ ವಸ್ತುವೂ ಹಾಗೇ ತಯಾರಾಗುತ್ತದೆ, ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಅದಕ್ಕೂ ಮೊದಲು ಟ್ರಿಸ್ ಇತ್ತು. ಮಕ್ಕಳ ರಾತ್ರಿ ಉಡುಪಿಗೆ ಹಾಕುತ್ತಿದ್ದ ಬೆಂಕಿ ತಡೆಯುವ ರಾಸಾಯನಿಕ. ಡಿಎನ್‌ಎಗೆ ಹಾನಿ ಮಾಡುವ ಅದರ ಗುಣವನ್ನು ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ಎತ್ತಿ ತೋರಿಸಿದರು, 1977ರಲ್ಲಿ ಅಮೆರಿಕದಲ್ಲಿ ಅಂಥ ಉಡುಪನ್ನು ನಿಷೇಧಿಸಿದರು. ಉಡುಪು ಬೆಂಕಿಯ ಪರೀಕ್ಷೆ ಪಾಸಾಗಿತ್ತು.

ಗ್ರೆನ್‌ಫೆಲ್ ಟವರ್ ಎಂಬ ಬಹುಮಹಡಿ ವಸತಿ ಕಟ್ಟಡದ ಬೆಂಕಿಯ ಬಗ್ಗೆ ಬರೆಯುವಾಗ ನನಗೆ ಈಗಲೂ ಕೈ ತಡೆಯುತ್ತದೆ. ಲಂಡನ್, 2017ರ ಜೂನ್ 14. 72 ಜನ ಸತ್ತರು. ಹೊರಗೋಡೆಗೆ ಹೊದಿಸಿದ ಹಲಗೆಗಳ ಒಳಗೆ ಇದ್ದದ್ದು ಪಾಲಿಥೀನ್. ನಾನು ದಿನಾ ಸುಡುವ, ಮೇಣದ ವಾಸನೆಯ ಅದೇ ಪಾಲಿಥೀನ್. ವಿಚಾರಣೆಯಲ್ಲಿ ಹೊರಬಂದ ಒಂದು ಸಂಗತಿ ನಮ್ಮಂಥ ಪರೀಕ್ಷೆಯವರು ಮರೆಯಲಾಗದ್ದು. ಅದೇ ಜಾತಿಯ ಹಲಗೆಯನ್ನು ರಿವೆಟ್ ಹೊಡೆದು ಕೂರಿಸಿ ಪರೀಕ್ಷಿಸಿದಾಗ ಒಂದು ಫಲಿತಾಂಶ ಬಂದಿತ್ತು. ಅಂಚು ಮಡಚಿ ಪೆಟ್ಟಿಗೆಯಂತೆ ಮಾಡಿ ಪರೀಕ್ಷಿಸಿದಾಗ ತೀರಾ ಕೆಟ್ಟ ಫಲಿತಾಂಶ ಬಂದಿತ್ತು. ಕೆಟ್ಟದ್ದನ್ನು ಹಲಗೆಯ ತಯಾರಕರು ಮುಚ್ಚಿಟ್ಟರು. ಆ ಕಟ್ಟಡಕ್ಕೆ ಹಾಕಿದ್ದು ಮಡಚಿದ ಜಾತಿ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಅಂತಿಮ ವರದಿ ಪರೀಕ್ಷೆ ಮತ್ತು ಮಾರಾಟದಲ್ಲಿ ನಡೆದ ಈ ಬಗೆಯ ಅಪ್ರಾಮಾಣಿಕತೆಯನ್ನು ಮುಲಾಜಿಲ್ಲದೆ ಬರೆದಿದೆ.

ನಿಮ್ಮನ್ನು ಅವರ ಸಾಲಿಗೆ ಸೇರಿಸುತ್ತಿಲ್ಲ. ಆದರೆ ಸೋತ ಸೆಟ್ ಅನ್ನು ಬಿಟ್ಟು ಗೆದ್ದ ಸೆಟ್ ಅನ್ನು ಬರೆಯುವ ಅಭ್ಯಾಸ ಕಲಿಯುವುದು ಎಲ್ಲಿ? ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೇಲಲ್ಲ. ನಿಮ್ಮ ಲ್ಯಾಬಿನಲ್ಲಿ, ಮೊದಲ ಪ್ರಬಂಧ ಬರೆಯುವಾಗ.

ಹಾಗಾಗಿ ಕೆಲವು ಕೋರಿಕೆ.

ಸಂಶೋಧಕರೇ, ದರ್ಜೆಯ ಪಕ್ಕದಲ್ಲೇ ದಪ್ಪ ಬರೆಯಿರಿ, ಸಾರಾಂಶದಲ್ಲೂ. ಐದು ಬಾರ್‌ಗಳ ಹತ್ತು ಸಮಯವನ್ನೂ ಕೋಷ್ಟಕದಲ್ಲಿ ಕೊಡಿ, ಸರಾಸರಿ ಮಾತ್ರ ಸಾಲದು. ಹತ್ತಿ ಹೊತ್ತಿತೋ ಇಲ್ಲವೋ ಪ್ರತಿ ಬಾರ್‌ಗೂ ಹೇಳಿ. ಹತ್ತು ಸಂಖ್ಯೆ ಅಷ್ಟೇ, ಜಾಗ ಎಷ್ಟು ಬೇಕು? ಓವನ್ನಿನಲ್ಲಿಟ್ಟ ಸೆಟ್ ಮಾಡಿಲ್ಲವಾದರೆ ಮಾಡಿಲ್ಲ ಎಂದು ಬರೆಯಿರಿ. ಎರಡನೇ ಸೆಟ್ ಸುಟ್ಟಿದ್ದರೆ ಮೊದಲನೆಯದರ ಗತಿ ಏನಾಯಿತೆಂದು ಹೇಳಿ. ಹೊರಗೆ ಮಳೆ ಬಿಸಿಲಿಗೆ ಬಳಸಬಹುದು ಎಂದು ಬರೆಯುವ ಮನಸ್ಸಿದ್ದರೆ ಮೊದಲು ನೀರಿನಲ್ಲಿ ನೆನೆಸಿ ಸುಟ್ಟು ನೋಡಿ. ಕೆಲವು ರಂಜಕದ ಮಿಶ್ರಣಗಳು ನೀರಿನಿಂದ ಹೊರಬಂದಾಗ ಬೇರೆಯೇ ವಸ್ತುವಾಗಿರುತ್ತವೆ.

ಕೋನ್ ಫಲಿತಾಂಶ ಕೊಡುವಾಗ ಪೂರ್ತಿ ರೇಖೆ ಕೊಡಿ, ಮೂರೂ ಸ್ಯಾಂಪಲ್‌ನದ್ದು. ಹೊತ್ತಿಕೊಂಡ ಸಮಯ, ಒಟ್ಟು ಶಾಖ, ಹೊಗೆ, ಕಾರ್ಬನ್ ಮಾನಾಕ್ಸೈಡ್ ಎಲ್ಲವೂ ಯಂತ್ರ ಕೊಟ್ಟೇ ಇರುತ್ತದೆ. ಬೆಂಕಿಯಲ್ಲಿ ಜನ ಸಾಯುವುದು ಸುಟ್ಟುಹೋಗಿ ಅನ್ನುವುದಕ್ಕಿಂತ ಹೊಗೆ ಕುಡಿದು. ಜ್ವಾಲೆ ಇಳಿದು ಹೊಗೆ ಏರಿದ್ದರೆ ಅದನ್ನು ಓದುಗ ತಿಳಿಯಬೇಡವೇ?

ಸಂಪಾದಕರೇ, ನಿಮ್ಮ ಕೈಯಲ್ಲಿ ಇರುವುದು ಇನ್ನೂ ಸುಲಭ. ದಪ್ಪ ಇಲ್ಲದ ವಿ-ಝೀರೋ ಬಂದರೆ ರಿವ್ಯೂಗೆ ಕಳಿಸುವ ಮೊದಲೇ ವಾಪಸ್ ಕಳಿಸಿ. "ಅಗ್ನಿ ನಿರೋಧಕ", "ಉರಿಯದ", "ಅಗ್ನಿ ಸುರಕ್ಷಿತ" ಎಂಬ ಪದಗಳನ್ನು ಒಂದು ಸಣ್ಣ ಬಾರ್‌ನ ಮೇಲೆ ಕಟ್ಟಲು ಬಿಡಬೇಡಿ. ಈಗ ಬರುತ್ತಿರುವ ಎಷ್ಟೋ ಸಾರಾಂಶಗಳು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿವೆ. ಓದಿದವನಿಗೆ ಬೇಕಾದ ಅರ್ಥ ಸಿಗುತ್ತದೆ, ಬರೆದವನು ಯಾವುದಕ್ಕೂ ಸಿಕ್ಕಿಬೀಳುವುದಿಲ್ಲ. ಇನ್ನೊಂದು ಮಾತು, ಸೋತ ಮಿಶ್ರಣಗಳ ಬಗ್ಗೆಯೂ ಬರೆಯಲು ಎರಡು ಪುಟ ಬಿಟ್ಟುಕೊಡಿ. ಈಗಾಗಲೇ ಒಂದು ಗುಂಪು ಸೋತು ಬಿಟ್ಟ ಅದೇ ಮಿಶ್ರಣವನ್ನು ಇನ್ನೊಂದು ಗುಂಪು ಹೊಸದೆಂದು ತಿಳಿದು ತಂದು ಕೊಡುವುದನ್ನು ನಾನು ಬಾಯಿ ಮುಚ್ಚಿಕೊಂಡು ನೋಡಬೇಕಾಗುತ್ತದೆ. ಗುಟ್ಟು ಕಾಪಾಡುವ ಕರಾರು ಇದೆ, ಹೇಳುವ ಹಾಗಿಲ್ಲ. ಮತ್ತೆ ಸುಡುತ್ತೇನೆ. ಮತ್ತೆ ಅದೇ ಮೂಲೆಯಲ್ಲಿ ಹನಿ.

ನಮ್ಮ ಕಡೆಯ ತಪ್ಪನ್ನೂ ಹೇಳದಿದ್ದರೆ ನ್ಯಾಯವಲ್ಲ. ಪರೀಕ್ಷೆ ಮಾಡುವವರೂ ಸಡಿಲ ಬಿಡುತ್ತಾರೆ. ಬಾರ್ ಉರಿಯುವಾಗ ಪೆಟ್ಟಿಗೆಯ ಫ್ಯಾನ್ ಆಫ್ ಇರಬೇಕು, ಆರಿದ ಮೇಲೆ ಹಾಕಿ ಹೊಗೆ ತೆಗೆಯಬೇಕು. ಕೆಮ್ಮು ತಡೆಯಲಾರದೆ ಫ್ಯಾನ್ ಹಾಕಿಕೊಂಡೇ ಸುಟ್ಟವರನ್ನು ಕಂಡಿದ್ದೇನೆ. ಆ ಗಾಳಿಗೆ ಜ್ವಾಲೆ ವಾಲುತ್ತದೆ, ಕೆಲವೊಮ್ಮೆ ಬೇಗ ಆರಿಯೂ ಬಿಡುತ್ತದೆ. ಹೊಸದಾಗಿ ಸೇರಿದ ದಿನಗಳಲ್ಲಿ ನಾನೂ ಹಾಗೆ ಮಾಡಿದ್ದೇನೆ. ಸ್ಟಾಪ್‌ವಾಚ್ ಒತ್ತುವ ಬೆರಳೂ ಮನುಷ್ಯನದೇ. 10.2 ಸೆಕೆಂಡ್ ಬಂದಾಗ ಎದುರಿಗೆ ನಿಂತ ವಿದ್ಯಾರ್ಥಿಯ ಮುಖ ನೋಡಿದರೆ 9.8 ಎಂದು ಬರೆಯಲು ಕೈ ತುಡಿಯುತ್ತದೆ. ಅದಕ್ಕೆ ಈಗ ಪ್ರತಿ ಬಾರ್‌ಗೂ ವಿಡಿಯೊ ಮಾಡಿ ಇಡುತ್ತೇನೆ. ಆ ವಿಡಿಯೊಗಳನ್ನು ಪ್ರಬಂಧದ ಜೊತೆ ಸೇರಿಸಿ ಎಂದು ಪ್ರತಿ ಸಲವೂ ಹೇಳುತ್ತೇನೆ. ಇದುವರೆಗೆ ಒಬ್ಬರೂ ಸೇರಿಸಿಲ್ಲ. (ಕೃತಜ್ಞತೆಯ ಪಟ್ಟಿಯಲ್ಲಿ ಹಣ ಕೊಟ್ಟವರ ಹೆಸರು ಇರುತ್ತದೆ, ಬರ್ನರ್ ಹಚ್ಚಿದವರದ್ದು ಇರುವುದಿಲ್ಲ. ಅದು ಬೇರೆ ದೂರು, ಇವತ್ತಿಗೆ ಬೇಡ.)

ಆರಂಭದಲ್ಲಿ ಹೇಳಿದ ಆ ಪಾಲಿಪ್ರೊಪಿಲೀನ್ ಗುಂಪಿಗೆ ಒಂದು ಪ್ರತ್ಯೇಕ ಮನವಿ. ತಿದ್ದುಪಡಿ ಎಂದು ನಾಲ್ಕು ಸಾಲು ಪ್ರಕಟಿಸಿದರೆ ಸಾಕು. 3.2 ಮಿ.ಮೀ.ನಲ್ಲಿ ವಿ-ಝೀರೋ ಎಂಬುದೇ ಒಳ್ಳೆಯ ಕೆಲಸ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ತೆಳು ಬಾರ್‌ಗಳ ಎರಡೂ ಸೆಟ್, ಹೊತ್ತಿದ ಹತ್ತಿಯ ಚೂರಿನ ಸಮೇತ, ಕವರಿನಲ್ಲಿ ಹಾಕಿ ದಿನಾಂಕ ಬರೆದು ಕಪಾಟಿನಲ್ಲಿ ಇಟ್ಟಿದ್ದೇನೆ. ಬೇಕೆಂದಾಗ ಕೇಳಿ, ಕಳಿಸುತ್ತೇನೆ.

ಈ ಪತ್ರಕ್ಕೆ ಉತ್ತರ ಬರೆಯುವವರು ದಯವಿಟ್ಟು ಬರೆಯಿರಿ, ಬೈದರೂ ಬೇಸರವಿಲ್ಲ. ನಿಮ್ಮ ವಸ್ತು ವಿ-ಝೀರೋ ಎಂದು ವಾದಿಸುವುದಾದರೆ ಮಾತ್ರ, ಮೊದಲ ಸಾಲಿನಲ್ಲೇ ದಪ್ಪ ಎಷ್ಟು ಅಂತ ತಿಳಿಸಿ.

ಇತಿ,
ನಿಮ್ಮ ವಿಶ್ವಾಸಿ,
ಬರ್ನರ್ ಹಚ್ಚುವವನು